ಬೈಕಾಯ್ಡ್ (ಪ್ರೋಟೀನು)

ಬೈಕಾಯ್ಡ್ ಎಂಬುದು ಹಣ್ಣುನೊಣದ (ಡ್ರೊಸೊಫಿಲಾ ಮೆಲನೊಗ್ಯಾಸ್ಟರ್) ಭ್ರೂಣದಲ್ಲಿ ತಲೆ ಮತ್ತು ಎದೆಯ ಭಾಗಗಳ ರಚನೆಯನ್ನು ನಿರ್ದೇಶಿಸುವ ಪ್ರೋಟೀನು. ಸುಮಾರು 490 ಅಮೈನೋ ಆಮ್ಲಗಳಿಂದ ಕೂಡಿದ ಇದು ಎರಡು ಭಿನ್ನ ಕಾರ್ಯಗಳನ್ನು ನಿರ್ವಹಿಸುತ್ತದೆ. ಡಿಎನ್‌ಎಗೆ ಅಂಟಿಕೊಂಡು ಕೆಲವು ವಂಶವಾಹಿಗಳನ್ನು ಚಾಲನೆಗೊಳಿಸುವುದು ಮೊದಲನೆಯದು. ಆರ್‌ಎನ್‌ಎಗೆ ಅಂಟಿಕೊಂಡು ಬೇರೊಂದು ಪ್ರೋಟೀನಿನ ತಯಾರಿಕೆಯನ್ನು ತಡೆಯುವುದು ಎರಡನೆಯದು. ಪ್ರಾಣಿಗಳ ಬೆಳವಣಿಗೆಯಲ್ಲಿ ಬಹುಕಾರ್ಯ ಪ್ರೋಟೀನುಗಳು ವಂಶವಾಹಿಗಳ ಅಭಿವ್ಯಕ್ತಿಯನ್ನು ಹೇಗೆ ನಿಯಂತ್ರಿಸುತ್ತವೆ ಎಂಬುದಕ್ಕೆ ಇದು ಪ್ರಸಿದ್ಧ ಉದಾಹರಣೆಯಾಗಿದೆ.

ಹಿನ್ನೆಲೆ

ಒಂದು ಪ್ರಾಣಿಯ ಎಲ್ಲ ಜೀವಕೋಶಗಳಲ್ಲಿಯೂ ಬಹುತೇಕ ಒಂದೇ ವಂಶವಾಹಿಗಳಿರುತ್ತವೆ. ಆದರೂ ಒಂದು ತುದಿಯಲ್ಲಿ ತಲೆಯೂ ಇನ್ನೊಂದು ತುದಿಯಲ್ಲಿ ಬಾಲವೂ ಮೂಡುತ್ತವೆ. ಯಾವ ವಂಶವಾಹಿ ಎಲ್ಲಿ, ಯಾವಾಗ ಕೆಲಸ ಮಾಡಬೇಕೆಂಬ ನಿಯಂತ್ರಣವೇ ಈ ಭೇದಕ್ಕೆ ಕಾರಣ. ನಿಯಂತ್ರಣವು ಮುಖ್ಯವಾಗಿ ಎರಡು ಹಂತಗಳಲ್ಲಿ ನಡೆಯಬಲ್ಲುದು. ಡಿಎನ್‌ಎಯಲ್ಲಿರುವ ಮಾಹಿತಿಯನ್ನು ಸಂದೇಶವಾಹಕ ಆರ್‌ಎನ್‌ಎಗೆ ನಕಲಿಸುವ ಹಂತಕ್ಕೆ ಲಿಪ್ಯಂತರವೆಂದೂ, ಆ ಆರ್‌ಎನ್‌ಎಯನ್ನು ಓದಿ ಪ್ರೋಟೀನನ್ನು ಕಟ್ಟುವ ಹಂತಕ್ಕೆ ಭಾಷಾಂತರವೆಂದೂ ಹೆಸರು. ಬೈಕಾಯ್ಡ್ ಈ ಎರಡೂ ಹಂತಗಳಲ್ಲಿ ಪಾತ್ರ ವಹಿಸುತ್ತದೆ.

ಸಂಶೋಧನೆ

ತಾಯಿನೊಣದಲ್ಲಿ ಬೈಕಾಯ್ಡ್ ವಂಶವಾಹಿ ಕೆಟ್ಟಿದ್ದರೆ, ಅದರ ಮೊಟ್ಟೆಗಳಲ್ಲಿ ಬೆಳೆಯುವ ಭ್ರೂಣಗಳಿಗೆ ತಲೆಯೂ ಎದೆಯೂ ಇರುವುದಿಲ್ಲ. ಮುಂತುದಿಯಲ್ಲಿ ಬಾಲದ ರಚನೆಗಳೇ ಮೂಡುತ್ತವೆ. ತಂದೆಯಿಂದ ಸರಿಯಾದ ಪ್ರತಿ ಬಂದರೂ ಈ ದೋಷ ನೀಗುವುದಿಲ್ಲ. 1986ರಲ್ಲಿ ಹಾನ್ಸ್ ಗೇಯೋರ್ಗ್ ಫ್ರೋನ್‌ಹೋಫರ್ ಮತ್ತು ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಅವರು, ಸಹಜ ಭ್ರೂಣದ ಮುಂತುದಿಯ ಕೋಶರಸವನ್ನು ಇಂತಹ ಭ್ರೂಣಗಳಿಗೆ ಚುಚ್ಚಿದಾಗ ತಲೆಯ ಭಾಗಗಳು ಮರಳಿ ಮೂಡುವುದನ್ನು ವರದಿಮಾಡಿದರು. 1988ರಲ್ಲಿ ವೋಲ್ಫ್‌ಗಾಂಗ್ ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್ಹಾರ್ಡ್ ಅವರು ಪ್ರೋಟೀನಿನ ಹಂಚಿಕೆಯನ್ನು ನೇರವಾಗಿ ಗುರುತಿಸಿ ತೋರಿಸಿದರು. ಭ್ರೂಣದ ಆರಂಭಿಕ ಬೆಳವಣಿಗೆಯ ವಂಶವಾಹಿ ನಿಯಂತ್ರಣವನ್ನು ಕುರಿತ ಸಂಶೋಧನೆಗಳಿಗಾಗಿ 1995ರ ನೊಬೆಲ್ ಪ್ರಶಸ್ತಿಯನ್ನು ನ್ಯೂಸ್ಲೈನ್-ಫೋಲ್ಹಾರ್ಡ್, ಎರಿಕ್ ವೀಶೌಸ್ ಮತ್ತು ಎಡ್ವರ್ಡ್ ಲೂಯಿಸ್ ಹಂಚಿಕೊಂಡರು.

ಸಾಂದ್ರತೆಯ ಇಳಿಜಾರು

ಬೈಕಾಯ್ಡ್‌ನ ಸಂದೇಶವಾಹಕ ಆರ್‌ಎನ್‌ಎಯನ್ನು ತಾಯಿಯೇ ಅಂಡದಲ್ಲಿ ಇರಿಸುತ್ತದೆ. ಅದು ಅಂಡದ ಮುಂತುದಿಯಲ್ಲಿ ನೆಲೆನಿಂತಿರುತ್ತದೆ. ಮೊಟ್ಟೆ ಇಟ್ಟ ಬಳಿಕ ಅದರಿಂದ ಪ್ರೋಟೀನು ತಯಾರಾಗಿ ಹಿಂಭಾಗದತ್ತ ಹರಡತೊಡಗುತ್ತದೆ. ಹಣ್ಣುನೊಣದ ಭ್ರೂಣದಲ್ಲಿ ಕೋಶಕೇಂದ್ರಗಳು ಮೊದಲ 13 ಸುತ್ತುಗಳಲ್ಲಿ ವಿಭಜನೆಗೊಂಡರೂ ಅವುಗಳ ನಡುವೆ ಕೋಶಪೊರೆಗಳು ಏಳುವುದಿಲ್ಲ. ಗೋಡೆಗಳಿಲ್ಲದ ಹಜಾರದಂತಿರುವ ಈ ಸ್ಥಿತಿಯಲ್ಲಿ ಪ್ರೋಟೀನು ಸುಲಭವಾಗಿ ಸಾಗುತ್ತದೆ. ಮುಂತುದಿಯಲ್ಲಿ ಅತಿ ಹೆಚ್ಚಾಗಿರುವ ಅದರ ಸಾಂದ್ರತೆಯು ಹಿಂದಕ್ಕೆ ಹೋದಂತೆ ಇಳಿಯುತ್ತದೆ. ಸುಮಾರು ಅರ್ಧ ಮಿಲಿಮೀಟರ್ ಉದ್ದದ ಭ್ರೂಣದಲ್ಲಿ ಪ್ರತಿ 100 ಮೈಕ್ರೋಮೀಟರ್‌ಗೆ ಸಾಂದ್ರತೆಯು ಹೆಚ್ಚುಕಡಿಮೆ ಮೂರನೆಯ ಒಂದರಷ್ಟಕ್ಕೆ ಇಳಿಯುತ್ತದೆ.

ತಾಯಿಯಲ್ಲಿ ಬೈಕಾಯ್ಡ್ ವಂಶವಾಹಿಯ ಪ್ರತಿಗಳನ್ನು ಹೆಚ್ಚಿಸಿದರೆ ತಲೆ ಮತ್ತು ಎದೆಯ ಭಾಗಗಳ ಗಡಿ ಹಿಂದಕ್ಕೆ ಸರಿಯುತ್ತದೆ. ಕಡಿಮೆ ಮಾಡಿದರೆ ಮುಂದಕ್ಕೆ ಸರಿಯುತ್ತದೆ. ಪ್ರೋಟೀನಿನ ಪ್ರಮಾಣವೇ ಸ್ಥಾನವನ್ನು ಸೂಚಿಸುತ್ತದೆ ಎಂಬುದಕ್ಕೆ ಇದು ಪ್ರಬಲ ಆಧಾರವಾಯಿತು. ಹೀಗೆ ತನ್ನ ಸಾಂದ್ರತೆಯಿಂದ ಅಂಗರೂಪವನ್ನು ನಿರ್ದೇಶಿಸುವ ವಸ್ತುವನ್ನು ಮಾರ್ಫೋಜೆನ್ ಎನ್ನುತ್ತಾರೆ.

ಮೊದಲ ಕಾರ್ಯ: ಲಿಪ್ಯಂತರದ ಚಾಲನೆ

ಬೈಕಾಯ್ಡ್ ಕೋಶಕೇಂದ್ರದೊಳಗೆ ಹೊಕ್ಕು ಹಂಚ್‌ಬ್ಯಾಕ್ ಮೊದಲಾದ ವಂಶವಾಹಿಗಳ ಬಳಿಯಿರುವ ನಿರ್ದಿಷ್ಟ ಡಿಎನ್‌ಎ ತಾಣಗಳಿಗೆ ಅಂಟಿಕೊಳ್ಳುತ್ತದೆ. ಪರಿಣಾಮವಾಗಿ ಹಂಚ್‌ಬ್ಯಾಕ್ ವಂಶವಾಹಿಯು ಭ್ರೂಣದ ಮುಂದಿನ ಅರ್ಧದಲ್ಲಿ ಚಾಲನೆಗೊಳ್ಳುತ್ತದೆ. ತಾಣಗಳ ಅಂಟುವಿಕೆಯ ಬಲವೊಂದೇ ಗಡಿಗಳನ್ನು ನಿರ್ಧರಿಸುತ್ತದೆ ಎಂದು ಮೊದಲು ಭಾವಿಸಲಾಗಿತ್ತು. ಇತರ ನಿಯಂತ್ರಕ ಪ್ರೋಟೀನುಗಳ ನೆರವು ಮತ್ತು ತಡೆಗಳೂ ಇದರಲ್ಲಿ ಸೇರಿವೆ ಎಂಬುದು ಅನಂತರದ ಅಧ್ಯಯನಗಳಿಂದ ಸ್ಪಷ್ಟವಾಗಿದೆ.

ಎರಡನೆಯ ಕಾರ್ಯ: ಭಾಷಾಂತರದ ತಡೆ

ಕಾಡಲ್ ಎಂಬ ಪ್ರೋಟೀನು ಭ್ರೂಣದ ಹಿಂಭಾಗದ ರಚನೆಗೆ ಅಗತ್ಯ. ಅದು ಮುಂಭಾಗದಲ್ಲಿಯೂ ತಯಾರಾದರೆ ತಲೆಯ ಬೆಳವಣಿಗೆ ಕೆಡುತ್ತದೆ. ಆದರೆ ತಾಯಿಯಿಂದ ಬಂದ ಕಾಡಲ್ ಆರ್‌ಎನ್‌ಎಯು ಅಂಡದ ತುಂಬ ಸಮನಾಗಿ ಹರಡಿರುತ್ತದೆ. ನಕಲು ಈಗಾಗಲೇ ಸಿದ್ಧವಾಗಿರುವುದರಿಂದ ಲಿಪ್ಯಂತರವನ್ನು ತಡೆದು ಪ್ರಯೋಜನವಿಲ್ಲ. ಬೈಕಾಯ್ಡ್ ಈ ಆರ್‌ಎನ್‌ಎಯ ಕೊನೆಯ, ಪ್ರೋಟೀನಾಗಿ ಓದಲ್ಪಡದ ಭಾಗಕ್ಕೆ ಅಂಟಿಕೊಂಡು ಭಾಷಾಂತರವನ್ನು ತಡೆಯುತ್ತದೆ ಎಂಬುದನ್ನು 1996ರಲ್ಲಿ ಎರಡು ಸಂಶೋಧಕ ತಂಡಗಳು ಪ್ರಕಟಿಸಿದವು.

ತಡೆಯುವ ಬಗೆಯೂ ತಿಳಿದುಬಂದಿದೆ. ಆರ್‌ಎನ್‌ಎಯ ಆರಂಭದ ತುದಿಯಲ್ಲಿ ಟೊಪ್ಪಿಗೆ ಎನ್ನಬಹುದಾದ ರಾಸಾಯನಿಕ ರಚನೆಯಿರುತ್ತದೆ. ಭಾಷಾಂತರ ಆರಂಭವಾಗಲು ಇಐಎಫ್4ಇ ಎಂಬ ಪ್ರೋಟೀನು ಅದನ್ನು ಹಿಡಿಯಬೇಕು. ಬೈಕಾಯ್ಡ್ ಅದೇ ಕುಟುಂಬದ 4ಇಎಚ್‌ಪಿ ಎಂಬ ಪ್ರೋಟೀನನ್ನು ಕರೆತಂದು ಆ ಸ್ಥಾನವನ್ನು ಆಕ್ರಮಿಸುವಂತೆ ಮಾಡುತ್ತದೆ. ಹೀಗಾಗಿ ಬೈಕಾಯ್ಡ್ ಹೆಚ್ಚಿರುವ ಮುಂಭಾಗದಲ್ಲಿ ಕಾಡಲ್ ತಯಾರಾಗದೆ, ಹಿಂಭಾಗದಲ್ಲಿ ಮಾತ್ರ ಹೆಚ್ಚಾಗುತ್ತದೆ.

ರಚನೆ

ಡಿಎನ್‌ಎ ಮತ್ತು ಆರ್‌ಎನ್‌ಎ ಎರಡನ್ನೂ ಗುರುತಿಸುವುದು ಪ್ರೋಟೀನಿನ ಒಂದೇ ಭಾಗ. 60 ಅಮೈನೋ ಆಮ್ಲಗಳ ಈ ಭಾಗಕ್ಕೆ ಹೋಮಿಯೋಡೊಮೈನ್ ಎಂದು ಹೆಸರು. ಇದರ 50ನೆಯ ಸ್ಥಾನದ ಲೈಸೀನ್ ಡಿಎನ್‌ಎ ತಾಣಗಳ ಆಯ್ಕೆಗೆ ಮುಖ್ಯವಾದರೆ, 54ನೆಯ ಸ್ಥಾನದ ಆರ್ಜಿನೀನ್ ಕಾಡಲ್ ಆರ್‌ಎನ್‌ಎಯನ್ನು ಹಿಡಿಯಲು ಅವಶ್ಯಕ.

ವಿಕಾಸ

ಬೈಕಾಯ್ಡ್ ಎಲ್ಲ ಕೀಟಗಳಲ್ಲಿಯೂ ಇಲ್ಲ. ಹಣ್ಣುನೊಣ, ಮನೆನೊಣ ಮೊದಲಾದವು ಸೇರಿದ ನೊಣಗಳ ಒಂದು ಗುಂಪಿಗೆ ಇದು ಸೀಮಿತ; ಸೊಳ್ಳೆಗಳಲ್ಲಿ ಕಂಡುಬರುವುದಿಲ್ಲ. ಹಾಕ್ಸ್-3 ಎಂಬ ಪ್ರಾಚೀನ ವಂಶವಾಹಿಯು ಇಮ್ಮಡಿಯಾಗಿ, ಅದರ ಒಂದು ಪ್ರತಿ ಬದಲಾಗುತ್ತ ಬಂದು ಬೈಕಾಯ್ಡ್ ಆಯಿತು. ಪೂರ್ವಜ ಹೋಮಿಯೋಡೊಮೈನನ್ನು ಪುನಾರಚಿಸಿ ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವು, ಈ ಹೊಸ ಪಾತ್ರಕ್ಕೆ 50 ಮತ್ತು 54ನೆಯ ಸ್ಥಾನಗಳ ಬದಲಾವಣೆಗಳೇ ಪ್ರಧಾನವೆಂದು ತೋರಿಸಿತು.

ಮಹತ್ವ

ಒಂದು ವಂಶವಾಹಿಗೆ ಒಂದೇ ಕೆಲಸವೆಂಬ ಸರಳ ಕಲ್ಪನೆ ಸಾಲದೆಂಬುದನ್ನು ಬೈಕಾಯ್ಡ್ ಮನಗಾಣಿಸುತ್ತದೆ. ತಲೆಯ ರಚನೆಗೆ ಬೇಕಾದುದನ್ನು ಆರಂಭಿಸುವುದೂ ಬಾಲದ ರಚನೆಗೆ ಬೇಕಾದುದನ್ನು ತಡೆಯುವುದೂ ಒಂದೇ ಪ್ರೋಟೀನಿನ ಹೊಣೆಯಾಗಿರುವುದರಿಂದ, ಎರಡು ಆದೇಶಗಳೂ ಒಂದೇ ಸ್ಥಳದಲ್ಲಿ ಜಾರಿಗೆ ಬರುತ್ತವೆ. ಇಂತಹ ಬಹುಕಾರ್ಯ ಪ್ರೋಟೀನುಗಳು ಇತರ ಪ್ರಾಣಿಗಳಲ್ಲಿಯೂ ಇವೆ. ಕಶೇರುಕಗಳಲ್ಲಿ ಬೀಟಾ-ಕೆಟೆನಿನ್ ಜೀವಕೋಶಗಳನ್ನು ಪರಸ್ಪರ ಬೆಸೆಯುವುದರೊಂದಿಗೆ, ಕೋಶಕೇಂದ್ರದಲ್ಲಿ ವಂಶವಾಹಿಗಳ ಚಾಲನೆಗೂ ನೆರವಾಗುತ್ತದೆ.