ಪಂಪನ ವಂಶಾವಳಿಯೂ ಕುರ್ಕ್ಯಾಲದ ಶಾಸನವೂ

ಕನ್ನಡದ ಪ್ರಾಚೀನ ಕವಿಗಳಲ್ಲಿ ತಮ್ಮ ಮನೆತನದ ವಿಚಾರವನ್ನು ವಿಶದವಾಗಿ ಹೇಳಿಕೊಂಡವರು ಕೆಲವರೇ. ಅವರಲ್ಲಿ ಆದಿಕವಿಯೆಂದು ಪ್ರಸಿದ್ಧನಾದ ಪಂಪನು ಮುಖ್ಯನು. ಕ್ರಿ.ಶ. 941ರಲ್ಲಿ ಆದಿಪುರಾಣವನ್ನು ಮುಗಿಸಿದ ಈ ಕವಿಯು ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದವನೆಂದು ತಿಳಿಸಿರುವುದರಿಂದ ಅವನ ಜನನವು ಕ್ರಿ.ಶ. 902ಕ್ಕೆ ಸಲ್ಲುತ್ತದೆ. ವಿಕ್ರಮಾರ್ಜುನವಿಜಯದ ಕೊನೆಯ ಆಶ್ವಾಸದಲ್ಲಿ ಅವನು ತನ್ನ ಪೂರ್ವಿಕರ ಹೆಸರುಗಳನ್ನು ತಲೆಮಾರಿನ ಕ್ರಮದಲ್ಲಿ ಕೊಟ್ಟಿದ್ದಾನೆ. ಆದರೆ ಒಬ್ಬನು ತನ್ನ ಕುಲವನ್ನು ಕುರಿತು ತಾನೇ ಹೇಳಿದ ಮಾತಿಗೆ ಎರಡನೆಯ ಸಾಕ್ಷಿಯೊಂದು ದೊರೆಯದೆ ಚರಿತ್ರಕಾರನಿಗೆ ತೃಪ್ತಿಯಾಗದು. ಪಂಪನ ವಿಷಯದಲ್ಲಿ ಆ ಸಾಕ್ಷಿಯು ದೊರೆತದ್ದು ಕನ್ನಡನಾಡಿನ ಹೊರಗೆ. ಅದನ್ನು ಬರೆಯಿಸಿದವನು ಅವನ ಒಡಹುಟ್ಟಿದ ತಮ್ಮನೇ.

ಮೊದಲು ಕಾವ್ಯದ ಹೇಳಿಕೆಯನ್ನು ನೋಡತಕ್ಕದ್ದು. ವೆಂಗಿಮಂಡಲದ ವೆಂಗಿಪೞುವಿನಲ್ಲಿ ಶ್ರೀವತ್ಸಗೋತ್ರದ ಮಾಧವ ಸೋಮಯಾಜಿಯೆಂಬ ವೈದಿಕ ಬ್ರಾಹ್ಮಣನಿದ್ದನು. ಅವನು ಯಜ್ಞಗಳನ್ನು ಮಾಡಿ ಹೆಸರು ಪಡೆದವನು. ಆ ಹೋಮದ ಹೊಗೆಯಿಂದ ಅವನ ಬಿಳಿಯ ಕೀರ್ತಿಯು ಕಪ್ಪಾಯಿತೆಂದು ಜೈನನಾದ ಕವಿಯು ತನ್ನ ಪೂರ್ವಜನನ್ನು ಕುರಿತು ಸಂಕೋಚವಿಲ್ಲದೆ ನುಡಿದಿದ್ದಾನೆ. ಮಾಧವನ ಮಗನು ಅಭಿಮಾನಚಂದ್ರ; ಅವನ ಮಗನು ಕೊಮರಯ್ಯ; ಕೊಮರಯ್ಯನ ಮಗನು ಅಭಿರಾಮದೇವರಾಯ. ಜಾತಿಗಳಲ್ಲಿ ವಿಪ್ರಕುಲವು ಹಿರಿದಾದರೆ ಧರ್ಮಗಳಲ್ಲಿ ಜಿನಧರ್ಮವೇ ಹಿರಿದೆಂದು ಬಗೆದು ಜೈನಮತವನ್ನು ಹಿಡಿದವನು ಇವನೇ. ಇವನ ಮಗನು ಪಂಪ. ಈ ಪರಂಪರೆಯಲ್ಲಿ ಗಂಡಸರ ಹೆಸರುಗಳು ಮಾತ್ರ ಬಂದಿವೆ. ಕವಿಯು ತಾಯಿಯ ಹೆಸರನ್ನಾಗಲಿ ಒಡಹುಟ್ಟಿದವರ ಹೆಸರನ್ನಾಗಲಿ ಹೇಳಿಲ್ಲ.

ಬಿ. ಎಲ್. ರೈಸ್ ಅವರು 1898ರಲ್ಲಿ ಪಂಪಭಾರತವನ್ನು ಅಚ್ಚು ಹಾಕಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಆವೃತ್ತಿಯು 1931ರಲ್ಲಿ ಹೊರಬಂದಿತು. ಈ ನಡುವೆ 1907ರಲ್ಲಿ ಕರ್ಣಾಟಕ ಕವಿಚರಿತೆಯ ಮೊದಲನೆಯ ಸಂಪುಟವೂ ಪ್ರಕಟವಾಯಿತು. ಆ ಕಾಲದ ವಿದ್ವಾಂಸರಿಗೆ ಕವಿಯ ವಂಶವಿಚಾರದಲ್ಲಿ ಕಾವ್ಯವೊಂದೇ ಆಧಾರವಾಗಿತ್ತು. ಕವಿಯ ಆಶ್ರಯದಾತನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಮನೆತನದ ವಿಷಯವು ಹಾಗಲ್ಲ. ಪಂಪನು ಹೇಳಿದ ರಾಜವಂಶಾವಳಿಯನ್ನು ಒರೆಹಚ್ಚಿ ನೋಡಲು ಕ್ರಿ.ಶ. 966ರ ಪರ್ಭಣಿಯ ತಾಮ್ರಪಟಗಳಂತಹ ಸಾಧನಗಳು ಒದಗಿದವು, 1953ರಲ್ಲಿ ಎನ್. ವೆಂಕಟರಮಣಯ್ಯ ಅವರು ಈ ಅರಸರನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ರಚಿಸಿದರು. ಅರಸನ ವಂಶಕ್ಕೆ ಹೀಗೆ ತಾಮ್ರದ ಸಾಕ್ಷಿ ದೊರೆತರೂ ಕವಿಯ ವಂಶಕ್ಕೆ ಬೇರೊಂದು ಸಾಕ್ಷಿಯಿಲ್ಲದ ಕೊರತೆಯು ಉಳಿದೇ ಇತ್ತು.

ಈ ಕೊರತೆಯನ್ನು ನೀಗಿಸಿದ್ದು ತೆಲಂಗಾಣದ ಕರೀಂನಗರ ಪ್ರಾಂತದ ಗಂಗಾಧರಕ್ಕೆ ಸಮೀಪವಾದ ಕುರ್ಕ್ಯಾಲದ ಬಂಡೆಶಾಸನ. ಅಲ್ಲಿನ ಗುಡ್ಡವನ್ನು ಜನರು ಬೊಮ್ಮಲಗುಟ್ಟ, ಎಂದರೆ ಬೊಂಬೆಗಳ ಬೆಟ್ಟ, ಎಂದು ಕರೆಯುತ್ತಾರೆ. ಬಂಡೆಯ ಮೇಲೆ ಜಿನಬಿಂಬಗಳನ್ನೂ ಚಕ್ರೇಶ್ವರಿಯ ಮೂರ್ತಿಯನ್ನೂ ಕಡೆದಿರುವುದೇ ಈ ಹೆಸರಿಗೆ ಕಾರಣ. ಶಾಸನವು ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿದೆ. ಅದರಲ್ಲಿರುವ ತೆಲುಗು ಕಂದಪದ್ಯಗಳು ಹನ್ನೊಂದನೆಯ ಶತಮಾನದ ನನ್ನಯನಿಗಿಂತ ಹಿಂದಿನವಾದುದರಿಂದ ತೆಲುಗು ವಿದ್ವಾಂಸರು ಇದನ್ನು ಬಹಳ ಆದರದಿಂದ ಕಂಡರು. ಅವರು ಓದಿ ಪ್ರಕಟಿಸಿದ ಪಾಠವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ವಿದ್ವಾಂಸರ ಕೈಸೇರಿತು. ಒಬ್ಬರಿಗೆ ತಮ್ಮ ಪದ್ಯಸಾಹಿತ್ಯದ ಮೊದಲ ಹೆಜ್ಜೆಯು ಕಂಡ ಕಲ್ಲಿನಲ್ಲಿಯೇ ಇನ್ನೊಬ್ಬರಿಗೆ ತಮ್ಮ ಆದಿಕವಿಯ ಮನೆಯವರು ಕಂಡರು.

ಶಾಸನವನ್ನು ಬರೆಯಿಸಿದವನು ಜಿನವಲ್ಲಭ. ಇವನು ಪಂಪನ ತಮ್ಮನೆಂದು ಶಾಸನವೇ ಹೇಳುತ್ತದೆ. ವೃಷಭಗಿರಿಯೆಂದು ಕರೆದಿರುವ ಈ ಬೆಟ್ಟದಲ್ಲಿ ಅವನು ಜಿನಬಿಂಬಗಳನ್ನು ಮಾಡಿಸಿದನು. ತ್ರಿಭುವನತಿಲಕವೆಂಬ ಬಸದಿಯನ್ನೂ ಕವಿತಾಗುಣಾರ್ಣವವೆಂಬ ಕೆರೆಯನ್ನೂ ಮದನವಿಲಾಸವೆಂಬ ತೋಟವನ್ನೂ ನಿರ್ಮಿಸಿದನು. ಕವಿತಾಗುಣಾರ್ಣವವೆಂಬುದು ಪಂಪನ ಬಿರುದಾಗಿರುವುದರಿಂದ, ತಮ್ಮನು ಅಣ್ಣನ ಹೆಸರನ್ನು ಕೆರೆಗೆ ಇಟ್ಟನೆಂಬುದು ಸ್ಪಷ್ಟ. ಅರಿಕೇಸರಿಯು ಪಂಪನಿಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟ ವಿಷಯವು ಕಾವ್ಯದಲ್ಲಿ ಇರುವಂತೆ ಕಲ್ಲಿನಲ್ಲಿಯೂ ಇದೆ. ಆದುದರಿಂದ ಎರಡೂ ಕಡೆ ಹೇಳಿರುವ ಪಂಪನು ಒಬ್ಬನೇ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಇನ್ನು ವಂಶದ ಮಾತು. ಶಾಸನವು ವೆಂಗಿನಾಡನ್ನೂ ಅಲ್ಲಿನ ವಂಗಿಪರ್ರನ್ನೂ ಶ್ರೀವತ್ಸಗೋತ್ರವನ್ನೂ ಹೇಳಿ, ಈ ಮನೆಯವರು ಕಮ್ಮೆ ಬ್ರಾಹ್ಮಣರೆಂದು ತಿಳಿಸುತ್ತದೆ. ಕಾವ್ಯದ ವೆಂಗಿಪೞುವೂ ಕಲ್ಲಿನ ವಂಗಿಪರ್ರೂ ಒಂದೇ ಊರಿನ ಎರಡು ಉಚ್ಚಾರಣೆಗಳು. ಆದರೆ ತಂದೆಯ ಹೆಸರಿನಲ್ಲಿ ತೊಡಕು ತೋರುತ್ತದೆ. ಕಾವ್ಯದಲ್ಲಿ ಅವನು ಅಭಿರಾಮದೇವರಾಯ, ಶಾಸನದಲ್ಲಿ ಭೀಮಪಯ್ಯ. ಹೆಸರನ್ನಷ್ಟೇ ನೋಡಿದವನು ಇವರನ್ನು ಇಬ್ಬರೆಂದು ತಿಳಿಯುವ ಸಂಭವವುಂಟು. ತಲೆಮಾರುಗಳನ್ನು ಎಣಿಸಿ ನೋಡಿದರೆ ತೊಡಕು ಬಿಡುತ್ತದೆ. ಶಾಸನವು ಭೀಮಪಯ್ಯನನ್ನು ಅಭಿಮಾನಚಂದ್ರನ ಮೊಮ್ಮಗನೆಂದು ಕರೆದಿದೆ. ಕಾವ್ಯದಲ್ಲಿಯೂ ಅಭಿಮಾನಚಂದ್ರನ ಮಗನಾದ ಕೊಮರಯ್ಯನ ಮಗನು ಅಭಿರಾಮದೇವರಾಯ. ಕೊಮರಯ್ಯನ ಹೆಸರು ಕಲ್ಲಿನಲ್ಲಿ ಇಲ್ಲದಿದ್ದರೂ ಅವನ ಸ್ಥಾನವು ಅಲ್ಲಿ ತೆರವಾಗಿಯೇ ಉಳಿದಿದೆ. ಮೊಮ್ಮಗನೆಂಬ ಒಂದು ಮಾತು ಆ ಸ್ಥಾನವನ್ನು ಕಾದಿದೆ. ಹೀಗಿರಲು ಅಭಿರಾಮದೇವರಾಯನೂ ಭೀಮಪಯ್ಯನೂ ಒಬ್ಬನೇ ಎಂದು ನಿರ್ಣಯಿಸುವುದು ಯುಕ್ತ. ಕಾವ್ಯಕ್ಕೆ ಗೌರವದ ಹೆಸರು ಒಪ್ಪಿತು. ಕಲ್ಲಿಗೆ ಬಳಕೆಯ ಹೆಸರು ಸಾಕಾಯಿತು.

ಇದಕ್ಕಿಂತಲೂ ಹೆಚ್ಚಿನ ಲಾಭವೊಂದು ಈ ಶಾಸನದಿಂದ ಆಯಿತು. ಜಿನವಲ್ಲಭನು ತನ್ನ ತಾಯಿಯ ಹೆಸರನ್ನು ಮರೆಯಲಿಲ್ಲ. ಆಕೆಯು ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಕನ್ನಡದ ಆದಿಕವಿಯನ್ನು ಹೆತ್ತವಳ ಹೆಸರು ಮಗನ ಕಾವ್ಯದಲ್ಲಿ ಉಳಿಯದೆ ದೂರದ ಬಂಡೆಯೊಂದರಲ್ಲಿ ಉಳಿದುಕೊಂಡಿತು.

ಈ ಹೆಸರಿನಿಂದ ಹಳೆಯ ಪ್ರಶ್ನೆಯೊಂದಕ್ಕೂ ಬೆಳಕು ಬೀಳುತ್ತದೆ. ತಂದೆಯ ಕಡೆಯಿಂದ ವೆಂಗಿನಾಡಿನವನಾಗಿ, ವೇಮುಲವಾಡದ ಅರಸನ ಆಸ್ಥಾನದಲ್ಲಿದ್ದ ಕವಿಯು ತನ್ನ ಕಾವ್ಯದ ನುಡಿಯು ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡದ್ದು ಹೇಗೆ? ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಪುಲಿಗೆರೆ ಮುನ್ನೂರೂ ಬೆಳ್ವೊಲ ಮುನ್ನೂರೂ ನೆರೆಯ ನಾಡುಗಳು. ಶಾಸನಗಳಲ್ಲಿ ಇವೆರಡೂ ಅನೇಕ ವೇಳೆ ಜೊತೆಯಾಗಿಯೇ ಬರುತ್ತವೆ. ತಾಯಿಯ ತವರು ಅಣ್ಣಿಗೇರಿಯಾದ ಮೇಲೆ ಮಗನಿಗೆ ಆ ಸೀಮೆಯ ನುಡಿಯ ಬಳಕೆಯಿದ್ದುದು ಆಶ್ಚರ್ಯವಲ್ಲ. ಆದರೆ ಇಲ್ಲಿ ಎಚ್ಚರಿಕೆಯು ಅವಶ್ಯ. ಪಂಪನು ಅಣ್ಣಿಗೇರಿಯಲ್ಲಿ ಹುಟ್ಟಿದನೆಂಬ ನಂಬಿಕೆಯು ಜನರಲ್ಲಿ ಬೇರೂರಿದೆಯಾದರೂ ಶಾಸನವು ಹೇಳುವುದು ತಾಯಿಯ ಅಜ್ಜನ ಊರನ್ನು ಮಾತ್ರ, ಕವಿಯ ಜನ್ಮಸ್ಥಳವನ್ನಲ್ಲ. ಊರಿನ ಅಭಿಮಾನವು ಪ್ರಶಂಸನೀಯವಾದರೂ ಪ್ರಮಾಣದ ಸ್ಥಾನವನ್ನು ಅದಕ್ಕೆ ಕೊಡಲಾಗದು.

ಪಂಪನು ತೆಲುಗರವನೋ ಕನ್ನಡಿಗನೋ ಎಂಬ ವಾದಕ್ಕೂ ಈ ಎರಡು ಆಧಾರಗಳನ್ನು ಜೊತೆಗಿಟ್ಟು ನೋಡಿದಾಗ ಅರ್ಥವು ಕಡಮೆಯಾಗುತ್ತದೆ. ತಂದೆಯ ಮನೆ ವೆಂಗಿಯದು, ತಾಯಿಯ ಮನೆ ಬೆಳ್ವೊಲದ್ದು; ಅಣ್ಣನು ಕನ್ನಡದಲ್ಲಿ ಮಹಾಕಾವ್ಯವನ್ನು ಬರೆದನು, ತಮ್ಮನು ಮೂರು ಭಾಷೆಗಳಲ್ಲಿ ಕಲ್ಲನ್ನು ಬರೆಯಿಸಿದನು. ಒಂದೇ ಮನೆಯಲ್ಲಿ ಕೂಡಿ ಬಾಳಿದ್ದ ಭಾಷೆಗಳನ್ನು ಸಾವಿರ ವರ್ಷಗಳ ತರುವಾಯ ಪಾಲು ಹಂಚುವುದು ಚರಿತ್ರಕಾರನ ಕೆಲಸವಲ್ಲ.

ವಂಶಶೋಧನೆಯಲ್ಲಿ ತೊಡಗಿದವರಿಗೆ ಈ ಪ್ರಕರಣದಿಂದ ಮೂರು ವಿಷಯಗಳು ವಿದಿತವಾಗುತ್ತವೆ. ಹೆಸರುಗಳು ಭಿನ್ನವಾದೊಡನೆ ವ್ಯಕ್ತಿಗಳೂ ಭಿನ್ನರೆಂದು ತಿಳಿಯದೆ, ಊರು, ಗೋತ್ರ, ತಲೆಮಾರು ಇವುಗಳನ್ನು ಕೂಡಿಸಿ ನೋಡಬೇಕು. ಮನೆಯ ಒಬ್ಬನ ಹೇಳಿಕೆಯಲ್ಲಿ ಬಿಟ್ಟುಹೋದುದನ್ನು ಅವನ ದಾಯಾದಿಗಳ ಹಾಗೂ ಒಡಹುಟ್ಟಿದವರ ದಾಖಲೆಗಳಲ್ಲಿ ಅರಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನೆರೆನಾಡಿನ, ನೆರೆಭಾಷೆಯ ವಿದ್ವಾಂಸರ ಸಹಕಾರವನ್ನು ಬಯಸಬೇಕು. ಕಾವ್ಯವನ್ನು ಬಲ್ಲವರು ಕನ್ನಡನಾಡಿನಲ್ಲಿದ್ದರು. ಕಲ್ಲನ್ನು ಓದಿದವರು ತೆಲುಗುನಾಡಿನಲ್ಲಿದ್ದರು. ಅವರಿಬ್ಬರ ಓದು ಒಂದೆಡೆ ಸೇರಿದ ಬಳಿಕವೇ ಅಬ್ಬಣಬ್ಬೆಯು ತನ್ನ ಹಿರಿಯ ಮಗನ ವಂಶಾವಳಿಯಲ್ಲಿ ತನಗೆ ಸಲ್ಲುವ ಸ್ಥಾನವನ್ನು ಪಡೆದಳು.