ಪದವಿ ವಿದ್ಯಾರ್ಥಿಗಳು ಉದ್ಯೋಗಾನ್ವೇಷಣೆಗೆ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ – ಕಲ್ಯಾಣಪುರ ಮತ್ತು ಸುತ್ತಲಿನ ಅಭ್ಯರ್ಥಿಗಳಿಗೆ ಮಾಹಿತಿ

ಕಲ್ಯಾಣಪುರದಲ್ಲಿ 1967ರಲ್ಲಿ ಆರಂಭವಾದ ಮಿಲಾಗ್ರಿಸ್ ಕಾಲೇಜು, ಸಮೀಪದ ತೆಂಕನಿಡಿಯೂರಿನ ಸರಕಾರಿ ಪ್ರಥಮ ದರ್ಜೆ ಕಾಲೇಜು, ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಹಾಗೂ ಪೂರ್ಣಪ್ರಜ್ಞ ಕಾಲೇಜುಗಳು, ಕಾರ್ಕಳದ ಭುವನೇಂದ್ರ ಕಾಲೇಜು ಮುಂತಾದ ಸಂಸ್ಥೆಗಳಿಂದ ಪ್ರತಿವರ್ಷವೂ ಪದವೀಧರರು ಹೊರಬರುತ್ತಾರೆ. ಇವರಲ್ಲಿ ಹೆಚ್ಚಿನವರು ಅಂತಿಮ ವರ್ಷದ ಫಲಿತಾಂಶ ಬಂದ ನಂತರವೇ ಉದ್ಯೋಗದ ವಿಚಾರವನ್ನು ಕೈಗೆತ್ತಿಕೊಳ್ಳುತ್ತಾರೆ. ಪರೀಕ್ಷೆಗೆ ಓದುವುದಕ್ಕೆ ಆಗಲೂ ಕಾಲಾವಕಾಶ ಇರುತ್ತದೆ. ಆದರೆ ಪ್ರಮಾಣಪತ್ರಗಳ ವಿಷಯದಲ್ಲಿ ಹಾಗಲ್ಲ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಉತ್ತಮ ಅಂಕ ಪಡೆದ ಅಭ್ಯರ್ಥಿಯು ಮೂಲ ದಾಖಲೆಗಳ ಪರಿಶೀಲನೆಯ ದಿನ, ಒಂದು ಪ್ರಮಾಣಪತ್ರದ ದಿನಾಂಕ ಅಥವಾ ನಮೂನೆ ಸರಿಯಿಲ್ಲವೆಂಬ ಕಾರಣಕ್ಕೆ ಮೀಸಲಾತಿಯಿಂದ ವಂಚಿತನಾಗುವುದುಂಟು. ಆದುದರಿಂದ ಈ ಮಾಹಿತಿಯಲ್ಲಿ ದಾಖಲೆಗಳ ವಿಷಯಕ್ಕೆ ಹೆಚ್ಚಿನ ಸ್ಥಳ ನೀಡಲಾಗಿದೆ.

ಹೆಸರು ಮತ್ತು ಜನ್ಮದಿನಾಂಕ

ನೇಮಕಾತಿಗೆ ಸಂಬಂಧಿಸಿದಂತೆ ಹೆಸರು ಹಾಗೂ ಜನ್ಮದಿನಾಂಕಕ್ಕೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೇ ಮೂಲ ಆಧಾರವೆಂದು ಪರಿಗಣಿಸಲಾಗುತ್ತದೆ. ಕರಾವಳಿಯಲ್ಲಿ ಈ ವಿಷಯದಲ್ಲಿ ತೊಡಕು ಹೆಚ್ಚು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದೇ ಇನಿಶಿಯಲ್ ಇದ್ದು, ಆಧಾರ್ ಚೀಟಿಯಲ್ಲಿ ತಂದೆಯ ಪೂರ್ಣ ಹೆಸರು ಅಥವಾ ಮನೆತನದ ಹೆಸರು ಸೇರಿರುತ್ತದೆ. ಡಿಸೋಜ ಎಂಬ ಒಂದೇ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ದಾಖಲೆಯಲ್ಲಿ ಎಸ್ ಅಕ್ಷರದಿಂದಲೂ ಇನ್ನೊಂದರಲ್ಲಿ ಝಡ್ ಅಕ್ಷರದಿಂದಲೂ ಬರೆಯಲ್ಪಟ್ಟಿರುತ್ತದೆ. ಶೆಟ್ಟಿ, ಪೂಜಾರಿ, ಆಚಾರ್ಯ ಎಂಬ ಉಪನಾಮಗಳು ಶಾಲಾ ದಾಖಲೆಯಲ್ಲಿ ಇಲ್ಲದೆ ಪಾಸ್‌ಪೋರ್ಟಿನಲ್ಲಿ ಮಾತ್ರ ಇರುವುದೂ ಉಂಟು. ಗಣಕಯಂತ್ರದ ಮೂಲಕ ಅರ್ಜಿ ಸಲ್ಲಿಸುವ ಈ ಕಾಲದಲ್ಲಿ ಇಂತಹ ವ್ಯತ್ಯಾಸವನ್ನು ಯಂತ್ರವು ಬೇರೆ ವ್ಯಕ್ತಿಯೆಂದೇ ತಿಳಿಯುತ್ತದೆ.

ಅಭ್ಯರ್ಥಿಗಳು ಪ್ರಥಮ ವರ್ಷದಲ್ಲಿಯೇ ತಮ್ಮ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಆಧಾರ್, ಪಾನ್, ಬ್ಯಾಂಕ್ ಪಾಸ್‌ಪುಸ್ತಕ, ಜಾತಿ ಪ್ರಮಾಣಪತ್ರ ಮತ್ತು ಪದವಿ ಪ್ರವೇಶ ದಾಖಲೆಯನ್ನು ಅಕ್ಷರಶಃ ತಾಳೆ ನೋಡತಕ್ಕದ್ದು. ವ್ಯತ್ಯಾಸ ಕಂಡುಬಂದಲ್ಲಿ ಇತರ ದಾಖಲೆಗಳನ್ನು ಅಂಕಪಟ್ಟಿಗೆ ಹೊಂದುವಂತೆ ತಿದ್ದಿಸಿಕೊಳ್ಳುವುದು ಸುಲಭವಾದ ಮಾರ್ಗ. ಅಂಕಪಟ್ಟಿಯಲ್ಲಿಯೇ ದೋಷವಿದ್ದಲ್ಲಿ, ಓದಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಗೆ ಕೋರಿಕೆ ಸಲ್ಲಿಸಬೇಕಾಗುತ್ತದೆ. ಇದಕ್ಕೆ ಸಮಯ ಹಿಡಿಯುವುದರಿಂದ ನೇಮಕಾತಿ ಅಧಿಸೂಚನೆ ಪ್ರಕಟವಾದ ನಂತರ ಆರಂಭಿಸಿದರೆ ಪ್ರಯೋಜನವಾಗಲಾರದು.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ

ರಾಜ್ಯ ಸರಕಾರದ ಹುದ್ದೆಗಳ ನೇರ ನೇಮಕಾತಿಯಲ್ಲಿ 2000ನೇ ಸಾಲಿನ ಅಧಿನಿಯಮದ ಮೇರೆಗೆ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25ರಷ್ಟು ಸಮತಳ ಮೀಸಲಾತಿ ಇದೆ. ಸಮತಳ ಎಂದರೆ, ಪ್ರತಿಯೊಂದು ಪ್ರವರ್ಗದ ಒಳಗೂ ಈ ಪಾಲು ಅನ್ವಯಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಮೀಸಲಾತಿ ಇದೆ. ಇವೆರಡನ್ನೂ ಕೋರುವ ಅಭ್ಯರ್ಥಿಯು 1ನೇ ತರಗತಿಯಿಂದ 10ನೇ ತರಗತಿಯವರೆಗೆ, ಅಂದರೆ ಹತ್ತು ವರ್ಷವೂ, ಕ್ರಮವಾಗಿ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿರಬೇಕು. ಮನೆ ಹಳ್ಳಿಯಲ್ಲಿದ್ದರೆ ಸಾಲದು. ಓದಿದ ಶಾಲೆಯ ಸ್ಥಳವನ್ನು ನೋಡಲಾಗುತ್ತದೆ. ಏಳನೇ ತರಗತಿಯವರೆಗೆ ಊರಿನ ಶಾಲೆಯಲ್ಲಿ ಓದಿ, ಎಂಟರಿಂದ ಉಡುಪಿ ನಗರದ ಪ್ರೌಢಶಾಲೆಗೆ ಬಸ್ಸಿನಲ್ಲಿ ಹೋಗಿಬಂದ ಅಭ್ಯರ್ಥಿಗೆ ಗ್ರಾಮೀಣ ಮೀಸಲಾತಿ ದೊರೆಯುವುದಿಲ್ಲ. ತಿಳಿಯದೆ ಅರ್ಜಿಯಲ್ಲಿ 'ಹೌದು' ಎಂದು ಗುರುತು ಮಾಡಿದವರು ದಾಖಲೆ ಪರಿಶೀಲನೆಯ ಹಂತದಲ್ಲಿ ತೊಂದರೆಗೆ ಒಳಗಾಗುತ್ತಾರೆ.

ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲಾ ಮುಖ್ಯಸ್ಥರ ಸಹಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುಸಹಿ ಅವಶ್ಯ. ಉಡುಪಿ ಮತ್ತು ಬ್ರಹ್ಮಾವರ ಎರಡು ಪ್ರತ್ಯೇಕ ಶೈಕ್ಷಣಿಕ ವಲಯಗಳಾಗಿವೆ. ಸ್ವರ್ಣಾ ನದಿಯ ಈಚೆಗೆ ಮನೆಯಿದ್ದು ಆಚೆಗಿನ ಶಾಲೆಯಲ್ಲಿ ಓದಿದವರು, ಮನೆಯ ವಿಳಾಸವನ್ನು ನೋಡದೆ ಶಾಲೆಯು ಯಾವ ವಲಯಕ್ಕೆ ಸೇರಿದೆ ಎಂಬುದನ್ನು ತಿಳಿದು ಆ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಎರಡು ಮೂರು ಶಾಲೆಗಳಲ್ಲಿ ಓದಿದ್ದಲ್ಲಿ ಪ್ರತಿಯೊಂದು ಶಾಲೆಯಿಂದಲೂ ಪ್ರಮಾಣಪತ್ರ ಪಡೆಯಬೇಕು. ಮಕ್ಕಳ ಸಂಖ್ಯೆ ಕಡಿಮೆಯಾಗಿ ಮುಚ್ಚಿಹೋದ ಕನ್ನಡ ಶಾಲೆಗಳು ನಮ್ಮ ಕರಾವಳಿಯಲ್ಲಿ ವಿರಳವಲ್ಲ. ಅಂತಹ ಶಾಲೆಯ ದಾಖಲಾತಿ ಪುಸ್ತಕ ಈಗ ಎಲ್ಲಿದೆ ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ. ಈ ಕಾರ್ಯಕ್ಕೆ ಕಾಲೇಜಿನ ರಜಾ ದಿನಗಳು ಸೂಕ್ತ. ನಗರಸಭೆಯ ಗಡಿಗೆ ತಾಗಿಕೊಂಡಿರುವ ಶಾಲೆಗಳಲ್ಲಿ ಓದಿದವರು ತಮ್ಮ ಶಾಲೆ ಗ್ರಾಮೀಣವೋ ಅಲ್ಲವೋ ಎಂಬುದನ್ನು ಊಹಿಸದೆ ಅದೇ ಕಚೇರಿಯಿಂದ ಖಚಿತಪಡಿಸಿಕೊಳ್ಳುವುದು ಒಳಿತು. ಸಾಮಾನ್ಯ ವರ್ಗದ ಅಭ್ಯರ್ಥಿಗಳು ಗ್ರಾಮೀಣ ಮೀಸಲಾತಿ ಕೋರಿದಾಗ ಮೇಲುಸ್ತರಕ್ಕೆ ಸೇರಿಲ್ಲವೆಂಬ ಬಗ್ಗೆ ತಹಶೀಲ್ದಾರರ ಪ್ರಮಾಣಪತ್ರವನ್ನೂ ಹೊಂದಿರತಕ್ಕದ್ದು.

ಪ್ರಾಸಂಗಿಕವಾಗಿ ಇನ್ನೊಂದು ವಿಷಯ. ರಾಜ್ಯದ ಅರ್ಜಿ ನಮೂನೆಗಳಲ್ಲಿ 'ಕಲ್ಯಾಣ ಕರ್ನಾಟಕ' ಎಂಬ ಅಂಕಣವಿರುತ್ತದೆ. ಇದು ಸಂವಿಧಾನದ 371ಜೆ ವಿಧಿಯ ಅನ್ವಯ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳಿಗೆ ಸಂಬಂಧಿಸಿದ್ದು. ಹೆಸರಿನ ಸಾಮ್ಯದಿಂದ ಕಲ್ಯಾಣಪುರದ ಅಭ್ಯರ್ಥಿಗಳು ಗೊಂದಲಕ್ಕೆ ಒಳಗಾಗಬಾರದು.

ಜಾತಿ ಮತ್ತು ಆದಾಯ ಪ್ರಮಾಣಪತ್ರ

ವಾಸಸ್ಥಳದ ನಾಡಕಚೇರಿಯ ಮೂಲಕ ಪಡೆಯುವ ರಾಜ್ಯದ ಪ್ರಮಾಣಪತ್ರದಲ್ಲಿ ಪ್ರವರ್ಗ–1, 2ಎ, 2ಬಿ, 3ಎ, 3ಬಿ ಎಂಬ ವರ್ಗೀಕರಣವಿದೆ. ಕೇಂದ್ರ ಸರಕಾರದ ಹುದ್ದೆ, ರೈಲ್ವೆ ಹಾಗೂ ರಾಷ್ಟ್ರೀಕೃತ ಬ್ಯಾಂಕುಗಳಿಗೆ ಈ ಪ್ರಮಾಣಪತ್ರ ಸಲ್ಲುವುದಿಲ್ಲ. ಅಲ್ಲಿ ಇತರ ಹಿಂದುಳಿದ ವರ್ಗ ಎಂಬ ಒಂದೇ ಗುಂಪು ಇದ್ದು, ಕೇಂದ್ರದ ನಮೂನೆಯಲ್ಲಿ ಬೇರೆಯೇ ಪ್ರಮಾಣಪತ್ರ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಕೆಲವು ಜಾತಿಗಳು ಕೇಂದ್ರದ ಪಟ್ಟಿಯಲ್ಲಿ ಇಲ್ಲದಿರುವುದರಿಂದ ಮೊದಲು ಪಟ್ಟಿಯನ್ನು ನೋಡಿ ನಂತರ ಅರ್ಜಿ ಸಲ್ಲಿಸತಕ್ಕದ್ದು. ಕೇಂದ್ರದ ಮೇಲುಸ್ತರದ ವಾರ್ಷಿಕ ಆದಾಯ ಮಿತಿಯನ್ನು 2017ರಲ್ಲಿ ರೂ. 8 ಲಕ್ಷಕ್ಕೆ ಏರಿಸಲಾಯಿತು. ಯಾವ ಮೀಸಲಾತಿಗೂ ಒಳಪಡದ ವರ್ಗದವರಿಗೆ 2019ರಿಂದ ಕೇಂದ್ರದ ಹುದ್ದೆಗಳಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದ ಶೇ. 10ರ ಮೀಸಲಾತಿ ಲಭ್ಯವಿದೆ. ಈ ಎಲ್ಲ ಪ್ರಮಾಣಪತ್ರಗಳಲ್ಲಿ ದಿನಾಂಕ ಬಹಳ ಮುಖ್ಯ. ಅಧಿಸೂಚನೆಯಲ್ಲಿ ಹೇಳಿದ ದಿನಾಂಕದ ನಂತರ ಪಡೆದ ಪ್ರಮಾಣಪತ್ರವನ್ನು, ಅದರಲ್ಲಿರುವ ಸಂಗತಿ ನಿಜವೇ ಆಗಿದ್ದರೂ, ಪರಿಗಣಿಸದೆ ಇರಬಹುದು.

ಬ್ಯಾಂಕ್ ಉದ್ಯೋಗ

ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಉಡುಪಿಯಲ್ಲಿ ಹುಟ್ಟಿತು. 1925ರಲ್ಲಿ ಉಡುಪಿಯಲ್ಲಿಯೇ ಆರಂಭವಾದ ಸಿಂಡಿಕೇಟ್ ಬ್ಯಾಂಕ್ ಮಣಿಪಾಲವನ್ನು ಕೇಂದ್ರ ಕಚೇರಿಯಾಗಿ ಮಾಡಿಕೊಂಡು ಬೆಳೆಯಿತು. ಈ ಕಾರಣದಿಂದ ಬ್ಯಾಂಕ್ ನೌಕರಿ ಎಂದರೆ ಊರಿನಲ್ಲಿಯೇ ಸಿಗುವ, ಪರಿಚಯಸ್ಥರ ಮೂಲಕ ವಿಚಾರಿಸಬಹುದಾದ ನೌಕರಿ ಎಂಬ ಭಾವನೆ ಹಿರಿಯರಲ್ಲಿ ಇನ್ನೂ ಉಳಿದಿದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಅದಕ್ಕೂ ಮೊದಲೇ, 2011ರಿಂದ, ರಾಷ್ಟ್ರೀಕೃತ ಬ್ಯಾಂಕುಗಳ ಗುಮಾಸ್ತ ಹಾಗೂ ಅಧಿಕಾರಿ ಹುದ್ದೆಗಳಿಗೆ ಐ.ಬಿ.ಪಿ.ಎಸ್. ಸಂಸ್ಥೆಯು ದೇಶದಾದ್ಯಂತ ಸಾಮಾನ್ಯ ಪರೀಕ್ಷೆ ನಡೆಸುತ್ತಿದೆ. ಸ್ಟೇಟ್ ಬ್ಯಾಂಕ್ ತನ್ನದೇ ಪರೀಕ್ಷೆ ನಡೆಸುತ್ತದೆ. ಶಿಫಾರಸು ಪತ್ರಕ್ಕೆ ಇಲ್ಲಿ ಸ್ಥಾನವಿಲ್ಲ.

ಗುಮಾಸ್ತ ಹುದ್ದೆಗೆ ಯಾವ ರಾಜ್ಯಕ್ಕೆ ಅರ್ಜಿ ಸಲ್ಲಿಸುತ್ತಾರೋ ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಮಾತನಾಡಲು ತಿಳಿದಿರಬೇಕು. ಈ ಹುದ್ದೆಯ ಪೂರ್ವಭಾವಿ ಮತ್ತು ಮುಖ್ಯ ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವಂತೆ ಕೇಂದ್ರ ಹಣಕಾಸು ಸಚಿವಾಲಯವು 2021ರಲ್ಲಿ ಶಿಫಾರಸು ಮಾಡಿತು. ಆದಾಗ್ಯೂ ಇಂಗ್ಲಿಷ್ ಭಾಷಾ ವಿಭಾಗ ಪ್ರತ್ಯೇಕವಾಗಿ ಇದ್ದೇ ಇದೆ. ಇನ್ನೊಂದು ಮುಖ್ಯ ವಿಷಯವೆಂದರೆ, ಅಧಿಸೂಚನೆಯಲ್ಲಿ ಸೂಚಿಸಿದ ದಿನಾಂಕದೊಳಗೆ ಪದವಿ ಫಲಿತಾಂಶ ಪ್ರಕಟವಾಗಿರಬೇಕು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಗೆ ಅಂತಿಮ ವರ್ಷದ ವಿದ್ಯಾರ್ಥಿಗಳೂ ಕುಳಿತುಕೊಳ್ಳಬಹುದು. ಐ.ಬಿ.ಪಿ.ಎಸ್. ಪರೀಕ್ಷೆಯಲ್ಲಿ ಆ ಅವಕಾಶವಿಲ್ಲ. ಒಂದು ವಿಷಯ ಬಾಕಿ ಉಳಿಸಿಕೊಂಡವರು ಒಂದು ಇಡೀ ವರ್ಷವನ್ನು ಕಳೆದುಕೊಳ್ಳುತ್ತಾರೆ.

ರಾಜ್ಯದ ಹುದ್ದೆಗಳಿಗೆ ಕನ್ನಡ ಪರೀಕ್ಷೆ

ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಹೀಗೆ ಬೆಳೆದ ವಿದ್ಯಾರ್ಥಿಗಳು ನಮ್ಮಲ್ಲಿ ಹಲವರಿದ್ದಾರೆ. ಅವರಿಗೆ ಕನ್ನಡ ಮಾತನಾಡಲು ಬರುತ್ತದೆಯಾದರೂ ಬರೆಯುವ ಅಭ್ಯಾಸ ತಪ್ಪಿರುತ್ತದೆ. 2024ರಲ್ಲಿ 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸಿದ ನೇಮಕಾತಿಯಲ್ಲಿ 150 ಅಂಕಗಳ ಕಡ್ಡಾಯ ಕನ್ನಡ ಪರೀಕ್ಷೆ ಇದ್ದು, ಅದರಲ್ಲಿ ಕನಿಷ್ಠ 50 ಅಂಕ ಪಡೆಯಬೇಕಾಗಿತ್ತು. ಇಂತಹ ಪರೀಕ್ಷೆಯು ಕಠಿಣವಲ್ಲ. ಆದರೆ ಇದರಲ್ಲಿ ಅರ್ಹರಾಗದವರ ಉಳಿದ ಅಂಕಗಳು ಎಷ್ಟಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿದಿನ ಕನ್ನಡ ದಿನಪತ್ರಿಕೆಯೊಂದನ್ನು ಓದಿ ಒಂದು ಪುಟ ಬರೆಯುವ ಅಭ್ಯಾಸವನ್ನು ಪದವಿಯ ಅವಧಿಯಲ್ಲಿ ಇಟ್ಟುಕೊಂಡರೆ ಸಾಕಾಗುತ್ತದೆ.

ಉದ್ಯೋಗ ವಿನಿಮಯ ಕಚೇರಿಯಲ್ಲಿ ನೋಂದಣಿ

ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯು ಮಣಿಪಾಲದ ರಜತಾದ್ರಿಯಲ್ಲಿದೆ. ಇಲ್ಲಿ ಹೆಸರು ನೋಂದಾಯಿಸಿದರೆ ಸರದಿಯ ಪ್ರಕಾರ ಸರಕಾರಿ ಕೆಲಸಕ್ಕೆ ಕರೆ ಬರುತ್ತದೆ ಎಂಬ ನಂಬಿಕೆ ಈಗಲೂ ಕೆಲವು ಮನೆಗಳಲ್ಲಿ ಇದೆ. ಹಿಂದೆ ಇದಕ್ಕೆ ಆಧಾರವಿತ್ತು. 1959ರ ಕಾಯ್ದೆಯಂತೆ ಸರಕಾರಿ ವಲಯದ ಸಂಸ್ಥೆಗಳೂ, 25 ಅಥವಾ ಹೆಚ್ಚು ಕೆಲಸಗಾರರಿದ್ದ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ವಿನಿಮಯ ಕಚೇರಿಗೆ ತಿಳಿಸಬೇಕಾಗಿತ್ತು. ಆದರೆ ಕಚೇರಿಯು ಕಳುಹಿಸಿದವರನ್ನು ಮಾತ್ರ ಪರಿಗಣಿಸುವುದು ಸರಿಯಲ್ಲ, ಪತ್ರಿಕೆ ಮುಂತಾದವುಗಳಲ್ಲಿಯೂ ಪ್ರಕಟಣೆ ನೀಡಿ ಅರ್ಜಿ ಹಾಕಿದ ಎಲ್ಲರನ್ನೂ ಪರಿಗಣಿಸಬೇಕು ಎಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತು. ಅಂದಿನಿಂದ ನೋಂದಣಿಯ ಹಿರಿತನಕ್ಕೆ ಹಿಂದಿನ ಬೆಲೆ ಉಳಿದಿಲ್ಲ. 1959ರ ಕಾಯ್ದೆಯು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ.

ಹಾಗೆಂದು ನೋಂದಣಿ ನಿರುಪಯುಕ್ತವಲ್ಲ. 2015ರಲ್ಲಿ ಆರಂಭವಾದ ರಾಷ್ಟ್ರೀಯ ವೃತ್ತಿ ಸೇವಾ ಜಾಲತಾಣದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಬಹುದು. ಉದ್ಯೋಗ ಮೇಳ ಹಾಗೂ ಖಾಸಗಿ ಸಂಸ್ಥೆಗಳ ನೇರ ಸಂದರ್ಶನಗಳ ಸೂಚನೆ ಇಂತಹ ನೋಂದಣಿಯಿಂದ ದೊರೆಯುತ್ತದೆ. ನೋಂದಣಿಗೆ ಯಾರಿಗೂ ಹಣ ನೀಡಬೇಕಾಗಿಲ್ಲ.

ಖಾಸಗಿ ವಲಯ, ಶಿಶಿಕ್ಷು ತರಬೇತಿ, ಸ್ವಂತ ಉದ್ಯೋಗ

ಖಾಸಗಿ ಸಂಸ್ಥೆಗಳಿಗೆ ಸಲ್ಲಿಸುವ ಸ್ವವಿವರ ಪತ್ರವು ಒಂದು ಅಥವಾ ಎರಡು ಪುಟಗಳಿಗೆ ಮೀರಬಾರದು. ತುಳು, ಕೊಂಕಣಿ, ಬ್ಯಾರಿ, ಉರ್ದು, ಮಲಯಾಳ ಭಾಷೆಗಳು ಬರುವುದನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವೆಂದು ಎಣಿಸಿ ಬರೆಯುವುದೇ ಇಲ್ಲ. ಮಣಿಪಾಲದ ಆಸ್ಪತ್ರೆಯಂತಹ, ಹಲವು ಕಡೆಯ ಜನ ಬರುವ ಸ್ಥಳಗಳಲ್ಲಿ ಇದೇ ಒಂದು ಅರ್ಹತೆಯಾಗುತ್ತದೆ. ರಜೆಯಲ್ಲಿ ಅಂಗಡಿ, ಸಹಕಾರ ಸಂಘ ಅಥವಾ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡಿದ್ದಲ್ಲಿ ಅದನ್ನೂ ಅವಧಿ ಸಹಿತ ನಮೂದಿಸಬೇಕು.

ಪದವಿ ಅಥವಾ ಡಿಪ್ಲೊಮಾ ಮುಗಿಸಿದವರು 1961ರ ಶಿಶಿಕ್ಷು ಕಾಯ್ದೆಯಡಿ ಶಿಷ್ಯವೇತನ ಸಹಿತವಾದ ತರಬೇತಿ ಪಡೆಯಲು ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯಲ್ಲಿ ಹೆಸರು ನೋಂದಾಯಿಸಬಹುದು. ಇದು ಕಾಯಂ ನೌಕರಿಯ ಭರವಸೆಯಲ್ಲ. ಆದರೆ ಅನುಭವ ಪತ್ರ ದೊರೆಯುತ್ತದೆ. ಸ್ವಂತ ಉದ್ಯೋಗ ಮಾಡಬಯಸುವವರಿಗೆ ನದಿಯಾಚೆಯ ಬ್ರಹ್ಮಾವರದಲ್ಲಿ ರುಡ್‌ಸೆಟ್ ಸಂಸ್ಥೆಯ ತರಬೇತಿ ಕೇಂದ್ರವಿದೆ. ಈ ಸಂಸ್ಥೆಯು 1982ರಲ್ಲಿ ಉಜಿರೆಯಲ್ಲಿ ಆರಂಭವಾದುದು. ತರಬೇತಿ, ಊಟ ಮತ್ತು ವಸತಿ ಉಚಿತ.

2024ರ ಜನವರಿಯಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆಯಲ್ಲಿ, ತೇರ್ಗಡೆಯಾಗಿ 180 ದಿನಗಳ ನಂತರವೂ ಉದ್ಯೋಗ ದೊರೆಯದ ಪದವೀಧರರಿಗೆ ಮಾಸಿಕ ರೂ. 3000, ಡಿಪ್ಲೊಮಾದವರಿಗೆ ರೂ. 1500ರಂತೆ ಗರಿಷ್ಠ ಎರಡು ವರ್ಷ ಭತ್ಯೆ ನಿಗದಿಪಡಿಸಲಾಗಿದೆ. ಉನ್ನತ ವ್ಯಾಸಂಗ ಮುಂದುವರಿಸುವವರಿಗೆ ಇದು ಅನ್ವಯಿಸುವುದಿಲ್ಲ. ಅರ್ಜಿಯನ್ನು ಸೇವಾಸಿಂಧು ಜಾಲತಾಣದ ಮೂಲಕ ಸಲ್ಲಿಸತಕ್ಕದ್ದು. ಕೆಲಸ ದೊರೆತ ಕೂಡಲೇ ತಿಳಿಸುವುದು ಫಲಾನುಭವಿಯ ಹೊಣೆ.

ವಿದೇಶ ಉದ್ಯೋಗ ಮತ್ತು ವಂಚನೆ

ಕಲ್ಯಾಣಪುರ, ಶಿರ್ವ, ಕಾಪು ಭಾಗದ ಅನೇಕ ಕುಟುಂಬಗಳಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಇದ್ದಾರೆ. ಸಂಬಂಧಿಕರು ನೇರವಾಗಿ ವೀಸಾ ಕಳುಹಿಸುವುದು ಬೇರೆ; ಏಜೆಂಟರ ಮೂಲಕ ಹೋಗುವುದು ಬೇರೆ. ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆಂಟರು 1983ರ ವಲಸೆ ಕಾಯ್ದೆಯಂತೆ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಹೊಂದಿರಬೇಕು. ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು ಇ–ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸತಕ್ಕದ್ದು. ಸೇವಾ ಶುಲ್ಕವಾಗಿ ರೂ. 30,000 ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ, ರಸೀದಿ ನೀಡಲೇಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಬಹುದು ಎಂಬ ಮಾತನ್ನು ನಂಬಬಾರದು. ಥಾಯ್ಲೆಂಡಿನಲ್ಲಿ ಗಣಕಯಂತ್ರದ ಕೆಲಸವೆಂದು ಕರೆದೊಯ್ದು ಮ್ಯಾನ್ಮಾರಿನಲ್ಲಿ ಒತ್ತೆಯಿರಿಸಿಕೊಂಡ ಪ್ರಕರಣಗಳ ಬಗ್ಗೆ ಸಚಿವಾಲಯವು 2022ರಲ್ಲಿ ಎಚ್ಚರಿಕೆ ನೀಡಿದೆ. ಇವುಗಳಲ್ಲಿ ಗುರಿಯಾದವರು ಓದಿದ, ಇಂಗ್ಲಿಷ್ ಬಲ್ಲ ಯುವಕರೇ ಎಂಬುದನ್ನು ಗಮನಿಸಬೇಕು.

ದೇಶದೊಳಗಿನ ಕೆಲಸಕ್ಕೂ ನೋಂದಣಿ, ತರಬೇತಿ, ಸಮವಸ್ತ್ರ, ಭದ್ರತಾ ಠೇವಣಿ ಎಂದು ಮುಂಗಡ ಹಣ ಕೇಳುವವರಿಂದ ದೂರವಿರತಕ್ಕದ್ದು. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಬಹುದೇ ಹೊರತು ಯಾವ ಖಾಸಗಿ ಸಂಸ್ಥೆಯಲ್ಲಿಯೂ ಬಿಟ್ಟುಬರಬಾರದು. ದೃಢೀಕೃತ ನಕಲು ಪ್ರತಿಗಳನ್ನು ಮಾತ್ರ ನೀಡುವುದು. ಅಂತರಜಾಲದ ಮೂಲಕ ಹಣ ಕಳೆದುಕೊಂಡವರು ಸಂಕೋಚಪಟ್ಟು ದಿನಗಳನ್ನು ಕಳೆಯದೆ, ಕೂಡಲೇ 1930 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸತಕ್ಕದ್ದು. ಕರೆ ಬೇಗನೆ ಬಂದಷ್ಟೂ ಹಣವನ್ನು ಬ್ಯಾಂಕಿನಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.