ಶಿವನಸಮುದ್ರದಿಂದ ಅಣುಸ್ಮೃತಿಯವರೆಗೆ

ಕರ್ನಾಟಕದ ಆಧುನಿಕ ವಿಜ್ಞಾನದ ಚರಿತ್ರೆಯನ್ನು ಬೆಂಗಳೂರಿನಿಂದ ಆರಂಭಿಸುವುದು ವಾಡಿಕೆ. ಅದರ ಒಂದು ಬೇರು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿದೆ ಎಂಬುದನ್ನು ಮರೆಯಲಾಗದು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಜಲವಿದ್ಯುತ್ ಯೋಜನೆ 1902ರಲ್ಲಿ ಫಲಿಸಿತು. ಕಾವೇರಿಯ ಧುಮುಕು ವಿದ್ಯುತ್ತಾಗಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳೂ ಬೆಳಗಿದವು. ವಿದ್ಯುದಾಗಾರದ ನೆಲೆಯನ್ನು ಸುತ್ತಲಿನ ಜನ ‘ಬ್ಲಫ್’ ಎಂದು ಕರೆದರು. ವಿದ್ಯುತ್ತನ್ನು ‘ಕರೆಂಟು’ ಎಂದು ತಮ್ಮ ಮಾತಿಗೆ ಒಗ್ಗಿಸಿಕೊಂಡರು. ಹೊಸ ತಂತ್ರವನ್ನು ಜನಪದ ತನ್ನದಾಗಿಸಿಕೊಳ್ಳುವ ಕ್ರಮವೇ ಇದು.

ಅಂದಿನ ಮುಖ್ಯ ಸಮಸ್ಯೆ ಸಾಗಣೆಯದು. ಶಕ್ತಿ ಹುಟ್ಟುವ ಜಾಗ ಒಂದು, ಕೆಲಸ ನಡೆಯುವ ಜಾಗ ಇನ್ನೊಂದು. ತಂತಿಯ ದಾರಿಯುದ್ದಕ್ಕೂ ಒಂದಿಷ್ಟು ಶಕ್ತಿ ಶಾಖವಾಗಿ ಸೋರಿಹೋಗುತ್ತಿತ್ತು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ವಿಭಾಗಗಳಲ್ಲಿ ರಸಾಯನಶಾಸ್ತ್ರದೊಡನೆ ವಿದ್ಯುತ್ ತಂತ್ರಶಾಸ್ತ್ರವೂ ಇದ್ದದ್ದು ಗಮನಾರ್ಹ.

ಅದೇ ಸಂಸ್ಥೆಗೆ 1933ರಲ್ಲಿ ಸರ್ ಸಿ.ವಿ. ರಾಮನ್ ನಿರ್ದೇಶಕರಾಗಿ ಬಂದರು. 1928ರಲ್ಲಿ ಕಲ್ಕತ್ತೆಯಲ್ಲಿ ಅವರು ಕಂಡುಕೊಂಡ ಪರಿಣಾಮದ ತಿರುಳು ಸರಳವಾದುದು. ಅಣುಗಳು ನಿಶ್ಚಲವಲ್ಲ, ಸದಾ ಕಂಪಿಸುತ್ತಿರುತ್ತವೆ. ಅವುಗಳ ಮೇಲೆ ಬಿದ್ದು ಚದುರಿದ ಬೆಳಕಿನ ಅಲ್ಪಾಂಶ ಬಣ್ಣ ಬದಲಿಸಿ ಆ ಕಂಪನದ ಸುಳಿವನ್ನು ಕೊಡುತ್ತದೆ.

ಈ ಪರಂಪರೆಯ ಇತ್ತೀಚಿನ ಘಟ್ಟ ಶ್ರೀತೋಷ್ ಗೋಸ್ವಾಮಿ ಅವರ ಸಂಶೋಧನೆ. ಅವರ ಸಾಧನ ಮೆಮ್ರಿಸ್ಟರ್, ಅಂದರೆ ತನ್ನೊಳಗೆ ಹರಿದ ವಿದ್ಯುತ್ತನ್ನು ನೆನಪಿಟ್ಟುಕೊಳ್ಳುವ ರೋಧಕ. ಅಂಥದೊಂದು ಇರಬಲ್ಲದೆಂದು ಲಿಯಾನ್ ಚುವಾ 1971ರಲ್ಲಿ ಸೂಚಿಸಿದ್ದರು. ಗೋಸ್ವಾಮಿ ಪಾಲ್ಗೊಂಡಿದ್ದ 2017ರ ಅಧ್ಯಯನದಲ್ಲಿ, ಸಾಧನ ಕೆಲಸ ಮಾಡುತ್ತಿರುವಾಗಲೇ ಅಣುಗಳ ಸ್ಥಿತಿಯನ್ನು ರಾಮನ್ ಚದುರಿಕೆಯಿಂದ ಓದಲಾಯಿತು. 2024ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಿಂದ, ರಸಾಯನಶಾಸ್ತ್ರಜ್ಞ ಶ್ರೀಬ್ರತ ಗೋಸ್ವಾಮಿ ಅವರೂ ಇದ್ದ ತಂಡದೊಡನೆ, ಅವರು ‘ನೇಚರ್’ ಪತ್ರಿಕೆಯಲ್ಲಿ ಹೊಸ ಫಲಿತಾಂಶ ಪ್ರಕಟಿಸಿದರು. ರುಥೇನಿಯಂ ಲೋಹವುಳ್ಳ ಅಣುಗಳ ತೆಳುಪದರದಲ್ಲಿ ಅಣು ಮತ್ತು ಅಯಾನುಗಳ ಸೂಕ್ಷ್ಮ ಚಲನೆಯನ್ನು ನಿಯಂತ್ರಿಸಿ 16,520 ವಿದ್ಯುತ್ ಸ್ಥಿತಿಗಳನ್ನು ಪಡೆಯಲಾಗಿತ್ತು. ಸಾಮಾನ್ಯ ಗಣಕದ ಸ್ವಿಚ್ಚಿಗೆ ತಿಳಿದಿರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಸ್ಥಿತಿಗಳು.

ಇದರ ಮಹತ್ವ ಸಂಖ್ಯೆಯಲ್ಲಷ್ಟೇ ಇಲ್ಲ. ಸಾಮಾನ್ಯ ಗಣಕದಲ್ಲಿ ನೆನಪಿನ ಕೋಶ ಒಂದೆಡೆ, ಲೆಕ್ಕ ಮಾಡುವ ಘಟಕ ಇನ್ನೊಂದೆಡೆ. ದತ್ತಾಂಶವನ್ನು ಇವೆರಡರ ನಡುವೆ ಓಡಾಡಿಸುವುದರಲ್ಲೇ ಬಹಳಷ್ಟು ವಿದ್ಯುತ್ ವ್ಯಯವಾಗುತ್ತದೆ. ಅಣುಸ್ಮೃತಿಯ ಜಾಲದಲ್ಲಾದರೋ ನೆನಪು ಇರುವಲ್ಲಿಯೇ ಲೆಕ್ಕವೂ ನಡೆಯುತ್ತದೆ. ಶಿವನಸಮುದ್ರದ ಎಂಜಿನಿಯರುಗಳು ಶಕ್ತಿಯನ್ನು ಕೆಲಸದ ಬಳಿಗೆ ಒಯ್ದರು. ಈ ಸಂಶೋಧಕರು ಸಾಗಣೆಯನ್ನೇ ಕಡಿಮೆ ಮಾಡಹೊರಟಿದ್ದಾರೆ. ಒಂದರಿಂದ ಇನ್ನೊಂದು ನೇರವಾಗಿ ಹುಟ್ಟಿತೆಂದು ಹೇಳಲಾಗದು. ಆದರೆ ದೂರಕ್ಕೆ ತೆರಬೇಕಾದ ಬೆಲೆಯ ಪ್ರಶ್ನೆ ಎರಡಕ್ಕೂ ಸಮಾನವಾದುದು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಅಪಾರ ವಿದ್ಯುತ್ತನ್ನು ಬೇಡುತ್ತಿರುವ ಈ ಕಾಲದಲ್ಲಿ ಅದು ಪ್ರಯೋಗಾಲಯಕ್ಕಷ್ಟೇ ಸೇರಿದ ಪ್ರಶ್ನೆಯಲ್ಲ. ನದಿ, ಕಲ್ಲಿದ್ದಲು, ಬಿಸಿಲುಗಳ ಲೆಕ್ಕಕ್ಕೂ ಸೇರಿದುದು.

ಒಂದು ವ್ಯತ್ಯಾಸ ಮಾತ್ರ ಚಿಂತನಾರ್ಹ. 1902ರ ವಿದ್ಯೆ ‘ಕರೆಂಟು’ ಆಗಿ ಹಳ್ಳಿಯ ಒಗಟು, ಬೈಗುಳ, ಹಾಸ್ಯಗಳಲ್ಲೆಲ್ಲ ಸೇರಿತು. ಅಣುವಿನ ನೆನಪಿಗೆ ಕನ್ನಡದ ಬಾಯಿಮಾತಿನಲ್ಲಿ ಇನ್ನೂ ಹೆಸರಿಲ್ಲ. ಹೆಸರಿಲ್ಲದ ವಿದ್ಯೆಯ ಲಾಭನಷ್ಟಗಳನ್ನು ಜನ ಚರ್ಚಿಸಲಾರರು. ಆ ಹೆಸರನ್ನು ಹುಡುಕುವ ಹೊಣೆ ವಿಜ್ಞಾನಿಗಳದಷ್ಟೇ ಅಲ್ಲ, ಭಾಷೆ ಮತ್ತು ಜಾನಪದದ ಅಧ್ಯಯನಕಾರರದೂ ಹೌದು.